ಒಂದು ಹಾಸಿಗೆ, ಎರಡು ಪಾಳಿ

'ಪ್ರೇಮಿಗಳಿಗೆಂದೇ ಹೇಳಿ ಮಾಡಿಸಿದ ಬೆಚ್ಚನೆಯ ಗೂಡು' ಎಂದು ಆ ಮನೆಯ ಜಾಹೀರಾತಿನಲ್ಲಿ ಬರೆದಿದ್ದರು. ಬರೆದವರು ನಮ್ಮಿಬ್ಬರನ್ನು ನೋಡಿರಲಿಲ್ಲ, ಅಷ್ಟೇ. ಹಳ್ಳಿಯ ಕೊನೆಯಲ್ಲಿ ಕೆರೆಗೆ ಮುಖ ಮಾಡಿ ನಿಂತ ಎರಡಂತಸ್ತಿನ ಕಟ್ಟಡ. ಮೇಲಿನ ಅಂತಸ್ತಿನಲ್ಲಿ ಒಂದು ಹಜಾರ, ಒಂದು ಮಲಗುವ ಕೋಣೆ, ಅಡುಗೆಮನೆ, ಎರಡು ಕುರ್ಚಿ ಹಿಡಿಸುವಷ್ಟು ಬಾಲ್ಕನಿ. ನಾಲ್ಕು ದಿನಕ್ಕೆ ಅದನ್ನು ಕಾದಿರಿಸಿದವಳು ನನ್ನ ನಾದಿನಿ. ನಮ್ಮ ಮದುವೆಗೆ ಹನ್ನೊಂದು ವರ್ಷ ತುಂಬಿತ್ತು. "ಅಣ್ಣ ಅತ್ತಿಗೆ ಒಟ್ಟಿಗಿರೋ ಫೋಟೋ ಹುಡುಕಿದೆ. ಮದುವೆ ದಿನದ್ದು ಬಿಟ್ರೆ ಒಂದೂ ಇಲ್ಲ. ನಾಚಿಕೆ ಆಗಲ್ವಾ ನಿಮಗೆ?" ಎಂದು ಬೈದು, ಇಬ್ಬರಿಗೂ ರಜೆ ಹಾಕಿಸಿ, ಬಸ್ಸು ಹತ್ತಿಸುವವರೆಗೂ ಅವಳು ಬೆನ್ನು ಬಿಡಲಿಲ್ಲ.

ಫೋಟೋ ಇಲ್ಲದಿರುವುದಕ್ಕೆ ಕಾರಣ ಜಗಳವಲ್ಲ, ಗಡಿಯಾರ. ನಾನು ಬೇಕರಿಯವಳು. ಊರು ಕಣ್ಣು ಬಿಡುವ ಮುಂಚೆ ಬ್ರೆಡ್ಡು ಅಂಗಡಿ ಸೇರಬೇಕಾದ್ದರಿಂದ ನನ್ನ ಕೆಲಸ ಬೆಳಗಿನ ಜಾವ ಮೂರಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತದೆ. ಸಂಜೆ ಐದೂವರೆಗೆಲ್ಲ ನಾನು ಹಾಸಿಗೆಯಲ್ಲಿ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಧ್ಯಾಹ್ನ ಒಂದಕ್ಕೆ ಹಾಜರಿ, ಕೊನೆಯ ಬಸ್ಸಿನ ಬ್ರೇಕು ನೋಡಿ ಮನೆಗೆ ಬರುವಾಗ ಹನ್ನೆರಡೂವರೆ. ವಾರದ ರಜೆಯೂ ಕೂಡಿ ಬರುವುದಿಲ್ಲ. ಅವನ ಭಾನುವಾರ ಬೇಕರಿಗೆ ದುಪ್ಪಟ್ಟು ಕೆಲಸ. ನನ್ನ ಮಂಗಳವಾರವನ್ನು ನಾನು ನಿದ್ದೆಗೇ ಬರೆದುಕೊಟ್ಟಿದ್ದೇನೆ. ಉಳಿಯುವುದು ದಿನಕ್ಕೆ ಒಂದೇ ಗಂಟೆ: ನಾನು ಹನ್ನೊಂದೂಕಾಲಿಗೆ ಬಂದು ಅವನು ಹನ್ನೆರಡೂಕಾಲಿಗೆ ಹೊರಡುವ ತನಕ. ಆ ಗಂಟೆಯಲ್ಲಿ ಅವನ ಗಡ್ಡ, ನನ್ನ ಸ್ನಾನ, ಇಬ್ಬರ ಊಟ, ಅವನ ಬುತ್ತಿ, ಎಲ್ಲವೂ ಆಗಬೇಕು. ಮಕ್ಕಳೇಕಿಲ್ಲ ಎಂದು ಕೇಳುವ ನೆಂಟರಿಗೆ ಈ ವೇಳಾಪಟ್ಟಿ ತೋರಿಸಿದರೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಒಬ್ಬರ ನಿದ್ದೆಯನ್ನು ಇನ್ನೊಬ್ಬರು ಕೆಡಿಸಬಾರದು ಎನ್ನುವುದೇ ನಮ್ಮ ಸಂಸಾರದ ಧರ್ಮ. ಅವನು ಬಾಗಿಲ ತಿರುಗಣೆಗಳಿಗೆಲ್ಲ ಎಣ್ಣೆ ಬಿಟ್ಟಿದ್ದಾನೆ. ಕೆಲಸದಿಂದ ಬಂದವನು ನಾನು ಏಳುವ ತನಕ ಹಜಾರದ ಸೋಫಾದಲ್ಲಿ ಒರಗಿರುತ್ತಾನೆ. ನಾನು ಎರಡಕ್ಕೆ ಎದ್ದು ದೀಪ ಹಾಕದೆ ಸೀರೆ ಉಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಹೋಗುತ್ತೇನೆ. ಬಾಗಿಲು ಮುಚ್ಚಿದ ಮೇಲೆ ಅವನು ಎದ್ದು ಹೋಗಿ, ನನ್ನ ಬಿಸಿ ಇನ್ನೂ ಆರದ ಜಾಗದಲ್ಲಿ ಮಲಗುತ್ತಾನೆ. ಮಾತೆಲ್ಲ ಚೀಟಿಯಲ್ಲಿ. ಊಟದ ಮೇಜಿನ ಉಪ್ಪಿನ ಭರಣಿಯ ಅಡಿಯಲ್ಲಿ ಅವನದೊಂದು, ನನ್ನದೊಂದು. 'ಬನ್ನಮ್ಮನಿಗೆ: ಕೊಳಾಯಿ ರಿಪೇರಿ ಆಯಿತು. ಇನ್ನು ಅದು ಅಳುವುದಿಲ್ಲ, ನೀನೂ ಅಳಬೇಡ.' ಅದಕ್ಕೆ ನಾನು, 'ಗ್ರೀಸಪ್ಪನಿಗೆ: ನಿನ್ನ ಕಾಲರ್ ಉಜ್ಜಿ ಉಜ್ಜಿ ನನ್ನ ಕೈ ಸವೆಯಿತು. ಮುಂದಿನ ಜನ್ಮದಲ್ಲಿ ಒಂದು ಬಸ್ಸನ್ನೇ ಮದುವೆಯಾಗು.' ನಿಜ ಹೇಳುತ್ತೇನೆ, ಆ ಚೀಟಿ ಬರೆಯುವ ಗಂಡಸಿನ ಮೇಲೆ ನನಗೆ ಇವತ್ತಿಗೂ ಪ್ರೀತಿ. ಅವನನ್ನು ಎದುರೆದುರು ಕೂತು ನೋಡಿದ್ದು ಮಾತ್ರ ಕಡಿಮೆ.

ಹೊರಡುವ ಹಿಂದಿನ ದಿನ ಬೇಕರಿಯ ಮಾಲೀಕರು ನನ್ನನ್ನು ಒಳಗೆ ಕರೆದರು. ಕೇಕು ವಿಭಾಗ ನೋಡಿಕೊಳ್ಳುತ್ತಿದ್ದವಳು ಕೆಲಸ ಬಿಡುತ್ತಿದ್ದಾಳೆ. ಬೆಳಗ್ಗೆ ಎಂಟರಿಂದ ಸಂಜೆ ಐದು. ನೀನು ಬರುತ್ತೀಯಾ ಎಂದು ಕೇಳಿದರು. "ಶನಿವಾರ ನಾಲ್ಕು ಗಂಟೆ ಒಳಗೆ ಫೋನ್ ಮಾಡಿ ಹೇಳಮ್ಮ. ಆಮೇಲೆ ಬೇರೆಯವರನ್ನ ನೋಡ್ಕೋತೀನಿ." ಹಗಲು ಕೆಲಸ! ಹದಿನೈದು ವರ್ಷ ಒಲೆಯ ಮುಂದೆ ನಿಂತವಳಿಗೆ ಅದು ಸಣ್ಣ ಮಾತಲ್ಲ. ನಾನು ಹಗಲಿಗೆ ಬಂದು, ಅವನೂ ಡಿಪೋದಲ್ಲಿ ಬೆಳಗಿನ ಪಾಳಿ ಹಿಡಿದರೆ ಸಂಜೆಯಿಡೀ ಒಟ್ಟಿಗೆ ಇರಬಹುದು. ಬೆಳಗಿನ ಪಾಳಿ ಸೀನಿಯರುಗಳಿಗೇ ಮೀಸಲು ಎಂದು ಅವನು ಯಾವಾಗಲೋ ಚೀಟಿಯಲ್ಲಿ ಬರೆದಿದ್ದ. ಈಗ ಅವನೂ ಸೀನಿಯರೇ ಅಲ್ಲವೇ?

ಆದರೆ ನನಗೆ ಒಂದು ಭಯವಿತ್ತು. ಒಟ್ಟಿಗಿರಲು ನಮಗೆ ಬರುತ್ತದೆಯೋ ಇಲ್ಲವೋ. ಈ ನಾಲ್ಕು ದಿನ ನೋಡೋಣ, ನೋಡಿ ಹೇಳೋಣ ಎಂದು ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಗುರುವಾರ ಮಧ್ಯಾಹ್ನ ತಲುಪಿದೆವು. ಮನೆಯ ಒಡತಿ ಕೆಳಗಿನ ಅಂತಸ್ತಿನಲ್ಲೇ ಇರುವ ಗುಂಡಗಿನ ಹೆಂಗಸು, ನಿವೃತ್ತ ಟೀಚರ್. ಇನ್ನೂ ಎಲ್ಲರನ್ನೂ ಹಾಜರಿ ಹಾಕುವಂತೆಯೇ ನೋಡುತ್ತಿದ್ದರು. ಬೀಗದ ಕೈ ಕೊಡುತ್ತಾ, "ಮುಂದಿನ ಬಾಗಿಲು ಇದು, ಅಡುಗೆಮನೆಯಿಂದ ಇಳಿಯೋ ಹಿಂದಿನ ಮೆಟ್ಟಿಲು ಅದು. ನಿಮಗೆ ಎರಡೂ ಬೇಕಾಗಲ್ಲ ಬಿಡಿ. ಇಲ್ಲಿಗೆ ಬರೋ ಜೋಡಿಗಳು ಮೂರು ದಿನ ಹೊರಗೆ ಮುಖಾನೇ ತೋರಿಸಲ್ಲ," ಎಂದು ನಕ್ಕರು. ನನ್ನ ಗಂಡ ತಿರುಗಣೆಯತ್ತ ಬಗ್ಗಿ, "ಇದಕ್ಕೆ ಸ್ವಲ್ಪ ಎಣ್ಣೆ ಬೇಕು," ಎಂದ. ಒಡತಿಯ ನಗು ಅಲ್ಲಿಗೇ ನಿಂತಿತು.

ಮನೆ ಚೆನ್ನಾಗಿಯೇ ಇತ್ತು, ಅದಕ್ಕೆ ದೂರು ಹೇಳುವಂತಿಲ್ಲ. ಹಾಸಿಗೆಯ ಮೇಲೆ ಎರಡು ದಿಂಬು, ಕಪಾಟಿನಲ್ಲಿ ಎರಡು ಲೋಟ, ಎರಡು ತಟ್ಟೆ, ಬಚ್ಚಲಿನ ಗೂಟದಲ್ಲಿ ಎರಡು ಟವೆಲ್. ಎಲ್ಲವೂ ಎರಡೆರಡು. ಕಿಟಕಿ ತೆಗೆದರೆ ಕೆರೆಯ ನೀರು ಕೋಣೆಯೊಳಕ್ಕೇ ಬಂದುಬಿಟ್ಟೀತು ಎನ್ನುವಷ್ಟು ಹತ್ತಿರ. ನಾವು ಬಾಲ್ಕನಿಯಲ್ಲಿ ಕೂತೆವು. ಅವನು ಕೆರೆ ನೋಡಿದ. ನಾನೂ ನೋಡಿದೆ.

"ದೊಡ್ಡ ಕೆರೆ," ಎಂದ.

"ಹೂಂ, ದೊಡ್ಡದೇ," ಎಂದೆ.

ಕೆರೆಯ ಬಗ್ಗೆ ಹೇಳುವುದು ಅಲ್ಲಿಗೆ ಮುಗಿಯಿತು. ಐದೂವರೆಗೆ ನನ್ನ ಕಣ್ಣು ಎಳೆಯತೊಡಗಿತು. ಅವನಿಗಾದರೋ ಅದು ಕೆಲಸದ ಭರಾಟೆಯ ಹೊತ್ತು. ಸುಮ್ಮನೆ ಕೂರಲು ಕೈ ಬಿಡುತ್ತಿರಲಿಲ್ಲ. ನಾನು ಹೋಗಿ ಮಲಗಿದೆ, ಅವನು ಅಡುಗೆಮನೆಯ ಕೊಳಾಯಿ ಬಿಚ್ಚಿ ಜೋಡಿಸಿದ. ಎಷ್ಟೋ ಹೊತ್ತಿನ ಮೇಲೆ ಅವನು ಕೋಣೆಗೆ ಬಂದು ನಿಂತದ್ದು ಗೊತ್ತಾಯಿತು. ನಮ್ಮ ಮನೆಯಲ್ಲಿ ಇಬ್ಬರೂ ಮಲಗುವುದು ಗೋಡೆ ಪಕ್ಕದ ಒಂದೇ ಜಾಗದಲ್ಲಿ, ಪಾಳಿಯ ಮೇಲೆ. ಇಲ್ಲೂ ಗೋಡೆ ಪಕ್ಕವನ್ನು ನಾನು ಹಿಡಿದಿದ್ದೆ. ಇನ್ನೊಂದು ಪಕ್ಕ ಖಾಲಿ ಇದ್ದರೂ ಅದು ಯಾರೋ ಬೇರೆಯವರದ್ದು ಎಂಬಂತೆ ಅವನು ನೋಡುತ್ತಾ ನಿಂತ. ನಾನು ಕಣ್ಣು ತೆರೆದು "ಬಾ" ಎನ್ನಬಹುದಿತ್ತು. ಎದ್ದಿದ್ದೇನೆ ಎಂದು ತಿಳಿದರೆ ನಿದ್ದೆ ಕೆಡಿಸಿದೆನಲ್ಲ ಎಂದು ನೊಂದುಕೊಳ್ಳುತ್ತಾನೆ ಎಂದು ಕಣ್ಣು ಮುಚ್ಚಿಯೇ ಇದ್ದೆ. ಅವನು ದಿಂಬು ಎತ್ತಿಕೊಂಡು ಹಜಾರದ ಸೋಫಾಕ್ಕೆ ಹೋದ. ಈ ಪೆದ್ದುತನಕ್ಕೆ ಏನು ಹೇಳಬೇಕು? ನಾಲ್ಕು ದಿನದ ಪ್ರೇಮಯಾತ್ರೆಗೆ ಬಂದೂ ಸೋಫಾ!

ಶುಕ್ರವಾರ ಬೆಳಗ್ಗೆ ಕೆರೆಯ ದಂಡೆಯ ಮೇಲೆ ಒಬ್ಬರ ಹಿಂದೊಬ್ಬರು ನಡೆದೆವು. ದಾರಿ ಇಬ್ಬರು ನಡೆಯುವಷ್ಟು ಅಗಲವಿತ್ತು, ನಮಗೇ ಅಭ್ಯಾಸವಿರಲಿಲ್ಲ. ನಾಡದೋಣಿಗಳನ್ನು ಕಟ್ಟುವ ಕಟ್ಟೆಯ ಹತ್ತಿರ ಬೆಂಚಿನ ಮೇಲೆ ಕೂತೆವು. ಆಗ ಒಂದು ವಿಚಿತ್ರ ನಡೆಯಿತು. ಇದ್ದಕ್ಕಿದ್ದಂತೆ ಅವನಿಗೆ ಮಾತು ಬಂತು. ಡಿಪೋದ ಹೊಸ ಸೂಪರ್‌ವೈಸರು ಸ್ಪ್ಯಾನರನ್ನು ಹಲ್ಲುಜ್ಜುವ ಬ್ರಷ್ಷಿನಂತೆ ಹಿಡಿಯುವುದು, ಯಾರೋ ಬಸ್ಸಿನಲ್ಲಿ ಬಿಟ್ಟುಹೋದ ಒಂದೇ ಒಂದು ಬೂಟು, ಹೀಗೆ ಏನೇನೋ. ನಾನೂ ಬೇಕರಿಯ ಸುದ್ದಿ ಸುರಿದೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಬ್ಬಾ, ಬದುಕಿದೆವು ಎಂದುಕೊಂಡೆ. ಬೇಕರಿಯ ವಿಷಯ ಈಗಲೇ ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದು ನಿಂತು ಜೇಬು ತಡಕಾಡಿದ. ಗಡಿಯಾರ ನೋಡಿದೆ, ಹನ್ನೆರಡೂಕಾಲು. ಡಿಪೋಗೆ ಹೊರಡುವ ಹೊತ್ತು.

"ಎಲ್ಲಿಗೆ?" ಎಂದೆ.

"ಎಲ್ಲಿಗೂ ಇಲ್ಲ," ಎಂದು ಪೆಚ್ಚಾಗಿ ಮತ್ತೆ ಕೂತ. ಆದರೆ ಮಾತು ಹೊರಟುಹೋಗಿತ್ತು. ನನಗೂ ಅಷ್ಟೇ, ಒಳಗೆ ಏನೋ ಬಾಗಿಲು ಹಾಕಿಕೊಂಡ ಹಾಗೆ. ಆ ಒಂದು ಗಂಟೆಯ ಆಚೆ ನಾವಿಬ್ಬರೂ ಅಪರಿಚಿತರು. ಅದು ಅರ್ಥವಾದಾಗ ನನಗೆ ಕೆರೆ, ದೋಣಿ, ಬೆಚ್ಚನೆಯ ಗೂಡು ಯಾವುದೂ ಬೇಡವಾಯಿತು. ಒಬ್ಬಳೇ ಇರುವಾಗ ನನಗೆ ಯಾವತ್ತೂ ಅಷ್ಟು ಒಂಟಿತನ ಅನ್ನಿಸಿರಲಿಲ್ಲ.

ಶನಿವಾರ ಬಂತು. ನಾಲ್ಕು ಗಂಟೆಯೊಳಗೆ ಉತ್ತರ ಹೇಳಬೇಕು. ಅವನು ಮುಖ ತೊಳೆದು ಬಂದು ಸೋಫಾದಲ್ಲಿ ಮತ್ತೆ ಒರಗಿದ್ದ, ಮುಖದ ಮೇಲೆ ಟವೆಲ್; ನಿದ್ದೆ ಹತ್ತಿದೆ ಎಂದುಕೊಂಡೆ. ನಾನು ಎರಡು ಸಲ ಹತ್ತಿರ ಹೋಗಿ ನಿಂತೆ, ಎರಡು ಸಲವೂ ಹಾಗೇ ಹಿಂದೆ ಬಂದೆ. ಹತ್ತು ಕೆಜಿ ಹಿಟ್ಟಿನ ಮೂಟೆ ಹೊರುವವಳಿಗೆ ಒಂದು ಮಾತು ಎತ್ತಲಾಗಲಿಲ್ಲ. ಕೊನೆಗೆ ನನಗೆ ಗೊತ್ತಿರುವುದನ್ನೇ ಮಾಡಿದೆ. ಕೋಣೆಗೆ ಹೋಗಿ ಬ್ಯಾಗಿನಿಂದ ಕಾಗದ ತೆಗೆದು ಬರೆದೆ:

'ಗ್ರೀಸಪ್ಪನಿಗೆ: ಬೇಕರಿಯಲ್ಲಿ ಹಗಲು ಕೆಲಸ ಕೊಡುತ್ತಿದ್ದಾರೆ. ನನಗೆ ಬೇಕು. ಆದರೆ ನೀನೂ ಬೆಳಗಿನ ಪಾಳಿ ಕೇಳಿ ಹಾಕಿಸಿಕೊಂಡರೆ ಮಾತ್ರ ಅದಕ್ಕೆ ಅರ್ಥ. ನಿನ್ನ ಜೊತೆ ಸಂಜೆ ಹೊತ್ತು ಕೂರಬೇಕು ಎಂದು ನನಗೆ ಆಸೆ. ನಾಲ್ಕು ಗಂಟೆಯೊಳಗೆ ಅವರಿಗೆ ಹೇಳಬೇಕು. ದೋಣಿ ಕಟ್ಟೆಯ ಬೆಂಚಿನಲ್ಲಿರುತ್ತೇನೆ. ಓದಿ ಬಾ.'

ಅದನ್ನು ಅಡುಗೆಮನೆಯ ಟೀ ಡಬ್ಬಿಯ ಅಡಿಯಲ್ಲಿಟ್ಟೆ. ಎದ್ದ ಕೂಡಲೇ ಅವನ ಕೈ ಹೋಗುವುದು ಅಲ್ಲಿಗೇ. ಗಾಳಿಗೆ ಬಡಿದು ಸದ್ದಾದೀತೆಂದು ಮಲಗುವ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಹಿಂದಿನ ಮೆಟ್ಟಿಲಿಳಿದೆ. ಚೀಟಿ ಇಟ್ಟವರು ಅಲ್ಲಿ ನಿಲ್ಲಬಾರದು, ಓದುವವರಿಗೆ ಓದಲು ಜಾಗ ಬಿಡಬೇಕು. ಹನ್ನೊಂದು ವರ್ಷ ನಾವು ಹಾಗೆಯೇ ಓದಿಕೊಂಡಿದ್ದು.

ಬೆಂಚಿನಲ್ಲಿ ಕೂತಾಗ ಹನ್ನೊಂದು ದಾಟಿತ್ತು. ಹನ್ನೊಂದೂವರೆಗೆ ಬರುತ್ತಾನೆ ಎಂದುಕೊಂಡೆ. ಬರಲಿಲ್ಲ. ಸ್ವಲ್ಪ ಹೊತ್ತಿಗೆ ನೀರಿನ ಆಚೆ ದಡದಲ್ಲಿ, ಜೊಂಡಿನ ಪಕ್ಕದ ಕಲ್ಲಿನ ಮೇಲೆ ಯಾರೋ ಬಂದು ಕೂತರು. ಆ ಬಾಗಿದ ಬೆನ್ನು, ಕೈಯನ್ನು ಮೊಣಕಾಲಿನ ನಡುವೆ ಇಟ್ಟುಕೊಳ್ಳುವ ರೀತಿ! ಹನ್ನೊಂದು ವರ್ಷದಲ್ಲಿ ನೋಡಿದ್ದು ಕಡಿಮೆಯಾದರೂ ಗುರುತು ಸಿಗದಷ್ಟಲ್ಲ. ಓದಿದ್ದಾನೆ. ಓದಿ, ಬೆಂಚಿಗೆ ಬರದೆ, ಕೆರೆ ಸುತ್ತಿ ಆ ದಡಕ್ಕೆ ಹೋಗಿ ಕೂತಿದ್ದಾನೆ.

ಯೋಚಿಸಲಿ, ಅವನಿಗೆ ಹೊತ್ತು ಬೇಕು ಎಂದು ಸಮಾಧಾನ ಹೇಳಿಕೊಂಡೆ. ಹನ್ನೆರಡಾಯಿತು, ಒಂದಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ತಡೆಯಲಾರದೆ ಒಮ್ಮೆ ಎದ್ದು ನಿಂತು ಕೈ ಎತ್ತಿದೆ. ಅವನೂ ಎದ್ದು ನಿಂತು ಕೈ ಎತ್ತಿದ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತೆವು, ನಡುವೆ ಅಷ್ಟು ನೀರು. ಬರುತ್ತಾನೆ ಎಂದು ನಾನು ಕೂತೆ. ಅವನೂ ಕೂತ. ಕೂಗಿದರೆ ಕೇಳಿಸುವ ದೂರವಲ್ಲ. ನಾನು ಎದ್ದು ಹೋದರೆ, ಬರುವುದಾದರೆ ಅವನಾಗಿಯೇ ಬರಲಿ ಎಂಬ ನನ್ನ ಹಟ ಮುರಿಯುತ್ತಿತ್ತು. ಕಾಲು ಮರಗಟ್ಟಿತು, ಹೊಟ್ಟೆ ತಾಳ ಹಾಕಿತು. ದೋಣಿಯವನೊಬ್ಬ ಬಂದು, "ಆ ದಡಕ್ಕೆ ಬಿಡ್ಲಾ ಅಮ್ಮಾ?" ಎಂದು ಕೇಳಿದ. ಬೇಡ ಎಂದೆ. ಯಾಕೆ ಬೇಡ ಎಂದೆನೋ ಈಗಲೂ ಗೊತ್ತಿಲ್ಲ.

ಮೂರೂವರೆಗೆ ಪಿತ್ತ ನೆತ್ತಿಗೇರಿತು. ಎದ್ದು ಮನೆಗೆ ನಡೆದೆ.

ಒಡತಿ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದರು. "ಏನಮ್ಮಾ, ಇದೇನು ಕಣ್ಣಾಮುಚ್ಚಾಲೆ? ನೀವು ಹಿಂದಿನ ಮೆಟ್ಟಿಲಲ್ಲಿ ಇಳಿದು ಹೋದ್ರಿ. ಎರಡು ನಿಮಿಷಕ್ಕೆ ಅವ್ರು ಮುಂದಿನ ಬಾಗಿಲಲ್ಲಿ ಹೋದ್ರು, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು. ಜಗಳಾನಾ?"

"ಎರಡು ನಿಮಿಷಕ್ಕಾ?" ಎಂದೆ. ಎರಡು ನಿಮಿಷದಲ್ಲಿ ಎದ್ದು, ಟೀ ಡಬ್ಬಿ ಎತ್ತಿ, ಚೀಟಿ ಓದಲು ಯಾರಿಂದಾಗುತ್ತದೆ? ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ನನ್ನ ಚೀಟಿ ಡಬ್ಬಿಯ ಅಡಿಯಲ್ಲಿ ಇಟ್ಟ ಹಾಗೇ ಇತ್ತು. ಮಲಗುವ ಕೋಣೆಯ ಬಾಗಿಲು ತೆರೆದೆ. ಒಳಗೆ ನೆಲದ ಮೇಲೆ, ಬಾಗಿಲ ಸಂದಿಯಿಂದ ತೂರಿಸಿದ ಇನ್ನೊಂದು ಚೀಟಿ. ಅವನು ನಿದ್ದೆ ಮಾಡಿರಲೇ ಇಲ್ಲ. ಬಾಗಿಲು ಮುಚ್ಚಿದ್ದು ನೋಡಿ ನಾನು ಒಳಗೆ ಮಲಗಿದೆನೆಂದುಕೊಂಡಿದ್ದಾನೆ. ಮೊದಲೇ ಬರೆದಿಟ್ಟಿದ್ದ ಚೀಟಿಯನ್ನು ಸದ್ದಿಲ್ಲದೆ ತೂರಿಸಿ, ನನಗೆ ಓದಲು ಜಾಗ ಬಿಟ್ಟು ಹೊರಟುಹೋಗಿದ್ದಾನೆ. ಖಾಲಿ ಮನೆಯಲ್ಲಿ ಎರಡು ಚೀಟಿ, ಹೊರಗೆ ಎರಡು ದಡದಲ್ಲಿ ಉತ್ತರಕ್ಕೆ ಕಾಯುತ್ತಾ ಕೂತ ಇಬ್ಬರು ಮಹಾ ಬುದ್ಧಿವಂತರು. ನಗು ಬಂತು. ನಗುತ್ತಲೇ ಅವನ ಚೀಟಿ ಬಿಡಿಸಿದೆ.

'ಬನ್ನಮ್ಮನಿಗೆ: ಇದನ್ನು ಬಾಯಲ್ಲಿ ಹೇಳಬೇಕೆಂದು ಎರಡು ದಿನ ನೋಡಿದೆ, ಆಗಲಿಲ್ಲ. ಎರಡು ವರ್ಷದ ಹಿಂದೆ ಡಿಪೋದಲ್ಲಿ ನನ್ನನ್ನು ಬೆಳಗಿನ ಪಾಳಿಗೆ ಕರೆದಿದ್ದರು. ಐದರಿಂದ ಎರಡು. ನಾನೇ ಬೇಡ ಎಂದೆ. ಸೀನಿಯರುಗಳಿಗೆ ಮಾತ್ರ ಎಂದು ನಿನಗೆ ಸುಳ್ಳು ಬರೆದೆ. ನನಗೆ ಹೆದರಿಕೆಯಾಯಿತು. ದಿನವಿಡೀ ಎದುರಿಗೆ ಕೂತರೆ ಹೀಗೇ ಆಗುತ್ತದೆ ಎಂದು, ನಿನ್ನೆ ಮೊನ್ನೆ ಆಯಿತಲ್ಲ, ಹೀಗೆ. ನಿನ್ನ ಮುಂದೆ ದಡ್ಡನಾಗುತ್ತೇನೆ ಎಂದು. ತಕ್ಷಣ ಬೈಯಬೇಡ. ಕೆರೆಯ ಕಡೆ ಹೋಗಿರುತ್ತೇನೆ. ನಿಧಾನವಾಗಿ ಓದು. ಸಿಟ್ಟಿಳಿದ ಮೇಲೆ ಬಾ.'

ನಗು ಎಲ್ಲಿ ಹೋಯಿತೋ. ಮಧ್ಯಾಹ್ನ ಎರಡೂವರೆಗೆಲ್ಲ ಮನೆಗೆ ಬಂದುಬಿಡುವ ಗಂಡ. ನಾನು ಮಲಗುವ ತನಕ ಮೂರು ಗಂಟೆ. ದಿನಾ, ಎರಡು ವರ್ಷ. ಆ ಎರಡು ವರ್ಷವೂ ನಾನು ಆ ಮಧ್ಯಾಹ್ನಗಳಲ್ಲಿ ಗೋಡೆಗೆ ಹೇಳಿಕೊಂಡ ಮಾತುಗಳೆಷ್ಟು, ಒಬ್ಬಳೇ ತಟ್ಟೆ ಮುಂದೆ ಕೂತು ಆರಿಸಿಕೊಂಡ ಅನ್ನವೆಷ್ಟು. ಗಡಿಯಾರ ನಮ್ಮನ್ನು ಬೇರೆ ಮಾಡಿದೆ ಎಂದುಕೊಂಡು ಗಡಿಯಾರಕ್ಕೆ ಶಾಪ ಹಾಕಿದ್ದೆ. ಇವನೇ ಕೈಯಾರೆ ಮಾಡಿದ್ದು! ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಉರಿ ಇಳಿದು ಬರೀ ನೋವು ಉಳಿಯಿತು. ನೋವಿಗಿಂತ ಉರಿಯೇ ವಾಸಿ ಎಂದು ಫೋನ್ ಎತ್ತಿದೆ. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

"ಬರ್ತೀನಿ ಸಾರ್," ಎಂದೆ ಮಾಲೀಕರಿಗೆ. "ಹಗಲು ಕೆಲಸಕ್ಕೆ ಬರ್ತೀನಿ."

"ಮನೇಲಿ ಕೇಳಿದ್ಯೇನಮ್ಮ?"

"ಮನೇಲಿ ಯಾರೂ ಇಲ್ಲ ಸಾರ್," ಎಂದು ಫೋನ್ ಇಟ್ಟೆ. ಒಬ್ಬಳೇ ಇರುವುದೇ ಆದರೆ ಬೆಳಕಿನಲ್ಲಾದರೂ ಇರೋಣ ಎಂದುಕೊಂಡೆ.

ಅವನು ಬಂದಾಗ ನಾನು ಹಾಸಿಗೆಯ ಅಂಚಿನಲ್ಲಿ ಕೂತಿದ್ದೆ, ಎರಡೂ ಚೀಟಿ ಪಕ್ಕದಲ್ಲಿ. ಅವನು ಬಾಗಿಲಲ್ಲೇ ನಿಂತ. ಬಿಸಿಲಿಗೆ ಮುಖ ಕೆಂಪಗಾಗಿತ್ತು.

"ಚೀಟಿ ಓದಿ ನಾಲ್ಕೈದು ಗಂಟೆ ಆಯ್ತು, ಬರ್ಲೇ ಇಲ್ಲ ನೀನು," ಎಂದ. "ಕೈ ಎತ್ತಿದಾಗ ಸಿಟ್ಟು ಹೋಯ್ತು ಅಂದ್ಕೊಂಡೆ. ಆಮೇಲೆ ನೀನು ಎದ್ದು ಹೋಗ್ಬಿಟ್ಟೆ."

"ಈಗ ಓದಿದೆ. ಈಗ, ಕಾಲು ಗಂಟೆ ಹಿಂದೆ," ಎಂದು ನನ್ನ ಚೀಟಿಯನ್ನು ಅವನ ಕೈಗೆ ಕೊಟ್ಟೆ. "ಇದು ನಿಂದು. ಇಲ್ಲೇ ನಿಂತ್ಕೊಂಡು ಓದು. ನಾನು ಎಲ್ಲಿಗೂ ಹೋಗಲ್ಲ."

ಅವನು ಓದಿದ. ಅವನು ಓದುವುದನ್ನು ನಾನು ಮೊದಲ ಸಲ ನೋಡಿದೆ. ತುಟಿ ಅಲುಗುತ್ತದೆ ಎಂದು ಗೊತ್ತೇ ಇರಲಿಲ್ಲ. 'ಆಸೆ' ಎನ್ನುವಲ್ಲಿ ಅವನ ತುಟಿ ನಿಂತಿತು.

"ಫೋನ್ ಮಾಡಿದ್ಯಾ?"

"ಮಾಡಿದೆ. ಬರ್ತೀನಿ ಅಂದೆ." ಆಮೇಲೆ ಬೈಯಬೇಕೆಂದು ಹುಡುಕಿಟ್ಟುಕೊಂಡ ಮಾತುಗಳಲ್ಲಿ ಒಂದೂ ಬಾರದೆ, ಬಂದದ್ದು ಇಷ್ಟೇ: "ನನ್ನ ಜೊತೆ ಕೂರೋದು ಅಷ್ಟು ಕಷ್ಟವಾ?"

ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ. "ಬಸ್ಸಿನ ಅಡಿ ಮಲಗಿರ್ತೀನಲ್ಲ, ಅಲ್ಲಿ ದಿನವಿಡೀ ನಿನ್ನ ಜೊತೆ ಮಾತಾಡ್ತಿರ್ತೀನಿ. ಆ ನಟ್ಟು ನೋಡು, ಈ ಸೂಪರ್‌ವೈಸರ್ ನೋಡು ಅಂತ. ಅಲ್ಲಿ ನೀನು ಎಲ್ಲದಕ್ಕೂ ನಗ್ತೀಯ."

"ಇಲ್ಲಿ ನಗಲ್ವಾ?"

"ಇಲ್ಲಿ ನೀನು ಉತ್ತರ ಕೊಡ್ತೀಯ," ಎಂದ. ಸುಳ್ಳು ಹೇಳಲು ಬಾರದ ಮುಖ. ಎರಡು ವರ್ಷ ಅದು ಹೇಗೆ ಹೇಳಿತೋ. ಚೀಟಿಗೆ ಮುಖವಿರುವುದಿಲ್ಲವಲ್ಲ.

ನಾನು ಕೇಳದೆಯೇ ಅವನು ಫೋನ್ ತೆಗೆದ. "ಬೆಳಗಿನ ಪಾಳಿ ಕೇಳ್ತೀನಿ. ಈಗ್ಲೇ ಕೇಳ್ತೀನಿ, ನಿನ್ನ ಮುಂದೇನೇ." ಡಿಪೋದವರು ಎತ್ತಿದರು. ಇವನು ಎದ್ದು ನಿಂತು, ಅವರು ಎದುರಿಗಿದ್ದಾರೆ ಎಂಬಂತೆ ಷರಟು ಸರಿಪಡಿಸಿಕೊಂಡು ಕೇಳಿದ. ನಾನು ಮೈಯೆಲ್ಲ ಕಿವಿಯಾಗಿದ್ದೆ. ಅವನು ಎರಡು ಸಲ ಹೂಂ ಎಂದ, ಒಂದು ಸಲ "ಹೌದಾ" ಎಂದ, ಫೋನ್ ಇಳಿಸಿದ.

"ಅವತ್ತು ನಾನು ಬಿಟ್ಟ ಜಾಗಕ್ಕೆ ಬೇರೆಯವನು ಬಂದಿದ್ದಾನೆ. ಅವನು ರಿಟೈರ್ ಆಗೋಕೆ ಇನ್ನೂ ಆರು ವರ್ಷ. ಅಲ್ಲೀವರೆಗೆ ಜಾಗ ಇಲ್ವಂತೆ."

ಆಗ ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಇನ್ನು ಮೇಲೆ ನಾನು ಬೆಳಗ್ಗೆ ಏಳೂವರೆಗೆ ಹೊರಟಾಗ ಅವನು ನಿದ್ದೆಯಲ್ಲಿರುತ್ತಾನೆ. ನಾನು ಐದೂಕಾಲಿಗೆ ಬಂದಾಗ ಅವನು ಡಿಪೋದಲ್ಲಿ. ಅವನು ಹನ್ನೆರಡೂವರೆಗೆ ಬಂದಾಗ ನಾನು ನಿದ್ದೆಯಲ್ಲಿ. ಭಾನುವಾರ ಕೇಕಿಗೆ ಇನ್ನೂ ಹೆಚ್ಚು ಕೆಲಸ. ಹನ್ನೊಂದೂಕಾಲಿನ ಆ ಒಂದು ಗಂಟೆ, ನಾವು ನಗುತ್ತಿದ್ದ ಒಂದೇ ಒಂದು ಗಂಟೆ, ಅದನ್ನು ನಾನೇ ಹತ್ತು ನಿಮಿಷದ ಸಿಟ್ಟಿನಲ್ಲಿ ಕೊಟ್ಟುಬಿಟ್ಟಿದ್ದೆ. ಅವನು ಕಳೆದದ್ದು ಹೆದರಿಕೆಯಿಂದ, ನಾನು ಕಳೆದದ್ದು ಕೋಪದಿಂದ. ಅವನನ್ನು ಇನ್ನು ಯಾವ ಬಾಯಲ್ಲಿ ಬೈಯಲಿ?

"ಮಧ್ಯಾಹ್ನದ ಗಂಟೆ ಹೋಯ್ತು," ಎಂದೆ.

"ಹೂಂ," ಎಂದ. ಅವನೂ ಲೆಕ್ಕ ಹಾಕಿದ್ದ.

"ಫೋನ್ ಮಾಡಿ ಬೇಡ ಅಂತ ಹೇಳ್ಲಾ?"

ಹೇಳು ಎನ್ನುತ್ತಾನೆ ಎಂದುಕೊಂಡೆ; ಹೇಳು ಎಂದರೆ ಹೇಳಿಬಿಡುತ್ತಿದ್ದೆ. "ಬೇಡ," ಎಂದ. "ಹದಿನೈದು ವರ್ಷ ಆಯ್ತು ನೀನು ಕತ್ತಲಲ್ಲಿ ಎದ್ದು. ನಿನ್ನ ಕಣ್ಣು ನೋಡಿದ್ದೀಯಾ? ಹಗಲು ನೋಡು ನೀನು."

ನನಗೆ ಅಳು ಬಂತು. ತಡೆಯಲಿಲ್ಲ. ಅವನು ಏಳಲೋ ಬೇಡವೋ ಎಂದು ಅರ್ಧ ಎದ್ದು, ಬಂದು, ನನ್ನ ಪಕ್ಕ ಹಾಸಿಗೆಯ ಖಾಲಿ ಬದಿಯಲ್ಲಿ ಕೂತ. ನಮ್ಮಿಬ್ಬರ ತೂಕಕ್ಕೆ ಹಾಸಿಗೆ ಕಿರುಗುಟ್ಟಿತು.

"ನೋಡು," ಎಂದೆ, ಮೂಗು ಒರೆಸಿಕೊಂಡು. "ನೀನು ಹನ್ನೆರಡೂವರೆಗೆ ಬರ್ತೀಯಲ್ಲ. ಬಂದ ತಕ್ಷಣ ನನ್ನ ಎಬ್ಬಿಸು."

ಅವನು ಗಾಬರಿಯಿಂದ ನನ್ನನ್ನು ನೋಡಿದ. "ನಿದ್ದೆಯಿಂದಾ?"

"ನಿದ್ದೆಯಿಂದಾನೇ."

"ಬೈತೀಯ."

"ಬೈತೀನಿ. ಎಬ್ಬಿಸು ಅಂದ್ರೆ ಎಬ್ಬಿಸು."

ಕೆರೆಯ ಕಡೆಯಿಂದ ಯಾರೋ ಯಾರನ್ನೋ ಕೂಗಿ ಕರೆಯುತ್ತಿದ್ದರು. ಅವನು ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದ. ಅವನು ತಮಾಷೆಗೆ ಕೇಳಲಿಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದ, "ಎಬ್ಬಿಸಿ ಏನು ಹೇಳ್ಲಿ?"

ನನಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಹೆಂಡತಿ ನಾನು, ಒಂದು ಮಾತು ತೋಚಲಿಲ್ಲ. ಕೊನೆಗೆ, ಎಲ್ಲರೂ ಎಲ್ಲರನ್ನೂ ಕೇಳುವುದನ್ನೇ ಹೇಳಿದೆ. "ಊಟ ಆಯ್ತಾ ಅಂತ ಕೇಳು."

"ಅಷ್ಟು ಹೊತ್ತಲ್ಲಾ?"

"ಅಷ್ಟು ಹೊತ್ತಲ್ಲೇ. ಕೇಳು. ನಾನು ಏನೋ ಒಂದು ಹೇಳ್ತೀನಿ. ಆಮೇಲೆ ನೋಡೋಣ."

ಅವನು ಗಂಟಲು ಸರಿ ಮಾಡಿಕೊಂಡ. ನನ್ನ ಭುಜದ ಮೇಲೆ ಎರಡು ಬೆರಳಿಟ್ಟು, ಬಿಸಿ ಇಂಜಿನ್ ಮುಟ್ಟಿ ನೋಡುವವನ ಹಾಗೆ ತಕ್ಷಣ ತೆಗೆದು, ಮತ್ತೆ ಇಟ್ಟ. ಮೆಲ್ಲಗೆ ಅಲ್ಲಾಡಿಸಿದ.

"ಊಟ ಆಯ್ತಾ?" ಎಂದ.

ಗಂಟೆ ನಾಲ್ಕೂವರೆ. ಬೆಳಗ್ಗೆಯಿಂದ ಇಬ್ಬರೂ ಎರಡು ದಡದಲ್ಲಿ ಕೂತಿದ್ದೆವು.

"ಇಲ್ಲ," ಎಂದೆ. "ನಿಂದು?"